ಆಚಾರ್ರು ಹೋದ ಮೇಲೆ, ಒಂದಿಷ್ಟು ಜನರಿಗೆ

ಕತ್ತಿ ಮಾಡುವ ಕಮ್ಮಾರ, ನಮ್ಮ ಆಚಾರ್ರ ದಿನಕಾರ್ಯಗಳೆಲ್ಲ ಮುಗಿದವು. ನೆಂಟರು ಹೊರಟರು. ಶಾಮಿಯಾನದವನು ಕಂಬ ಕಿತ್ತುಕೊಂಡು ಹೋದ. "ಎಲ್ಲರಿಗೂ ಒಂದು ಮಾತು ಬರೆದುಬಿಡು, ನನ್ನ ಕೈಲಿ ಆಗಲ್ಲ" ಅಂತ ಅವರ ಮಗಳು ಹೇಳಿದಳು. ಹಾಗಾಗಿ ಇದು ಅರ್ಧ ಆ ಮನೆಯವರ ಮಾತು, ಅರ್ಧ ನನ್ನದು.

ಕಾಯಿಲೆಯ ಕಥೆ ಮತ್ತೆ ಬರೆಯುವುದಿಲ್ಲ. ಓದುತ್ತಿರುವವರಲ್ಲಿ ಮುಕ್ಕಾಲು ಜನ ದಿನಾ ಫೋನ್ ಮಾಡಿ ಕೇಳಿದವರೇ.

ರಕ್ತ ಕೊಡಲು ಸಾಗರದಿಂದ ಶಿವಮೊಗ್ಗಕ್ಕೆ ಮಳೆಯಲ್ಲೇ ಬೈಕಿನಲ್ಲಿ ಬಂದ ಹುಡುಗರಿಗೆ, ರಾತ್ರಿ ಬಸ್ಸು ಹತ್ತಿ ಬಂದ ಅಡುಗೆ ಚಾಕು ಮಾಡಿಸಿಕೊಳ್ಳುವ ಬೆಂಗಳೂರಿನ ಗೆಳೆಯರಿಗೆ, ಕೇಳದೆಯೇ ದುಡ್ಡು ಕಳಿಸಿದ ಟೆಕ್ಸಾಸಿನ ನಮ್ಮ ದಾವಣಗೆರೆ ಹುಡುಗನಿಗೆ, ಲಾರಿ ಸ್ಪ್ರಿಂಗಿನ ಲೀಫ್ ಪ್ಲೇಟಿನ ಹಳೇ ಬಾಕಿಯ ಮಾತೇ ಎತ್ತದ ಗ್ಯಾರೇಜಿನವರಿಗೆ, ಅಷ್ಟೂ ದಿನ ಅನ್ನ ಸಾರು ಕಳಿಸಿದ ಕೆಳಗಿನ ಕೇರಿಯ ಮನೆಗಳಿಗೆ ದೊಡ್ಡ ನಮಸ್ಕಾರ. ಒಬ್ಬೊಬ್ಬರಿಗೂ ಒಂದೊಂದು ಪುಟ ಬರೆಯಬೇಕಿತ್ತು. ಬರೆಯುವುದಿಲ್ಲ. ನೀವು ಬೇಜಾರು ಮಾಡಿಕೊಳ್ಳುವವರಲ್ಲ ಅಂತ ಗೊತ್ತು. ಇವತ್ತು ಒಬ್ಬರ ಬಗ್ಗೆ ಜಾಸ್ತಿ ಬರೆಯಬೇಕಾಗಿದೆ.

ಆಚಾರ್ರ ಕುಲುಮೆಯ ಫೋಟೊಗಳನ್ನು ನೀವೆಲ್ಲ ನೋಡಿದ್ದೀರಿ. ಕೆಂಪಗೆ ಕಾದ ಪಟ್ಟಿ, ಇಕ್ಕಳ ಹಿಡಿದ ಆಚಾರ್ರು, ಹಾರುವ ಕಿಡಿ. ಅದೇ ಫೋಟೊಗಳ ಅಂಚಿನಲ್ಲಿ ಎರಡು ಕೈ ಕಾಣುತ್ತವೆ, ಮೊಣಕೈವರೆಗೆ ಮಾತ್ರ. ಆ ಕೈ ಚಮ್ಮಟಿಗೆ, ಅಂದರೆ ದೊಡ್ಡ ಸುತ್ತಿಗೆ, ಬೀಸುವ ಅಣ್ಣನದು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಕುಲುಮೆಗೆ ಬಂದು ಹೋದವರಿಗೆ ಅವರು ಯಾರು ಅಂತ ಗೊತ್ತೇ ಇದೆ. ಬರದವರು ಅವರನ್ನು ಕೂಲಿಯಾಳು ಅಂದುಕೊಂಡಿರಬಹುದು.

ಲಾರಿಯ ಲೀಫ್ ಪ್ಲೇಟ್ ಹಟಮಾರಿ ಉಕ್ಕು. ಅದನ್ನು ಬಡಿದು ಹೆಗ್ಗತ್ತಿ ಮಾಡಬೇಕಾದರೆ ಇಬ್ಬರು ಬೇಕು. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ, ಇವರು ಆಚಾರ್ರು. ಎದುರಿಗೆ ಎರಡೂ ಕೈಯಲ್ಲಿ ಚಮ್ಮಟಿಗೆ ಎತ್ತಿ ನಿಂತವರು ಅಣ್ಣ. ಸಣ್ಣ ಸುತ್ತಿಗೆ ಎಲ್ಲಿ ಮುಟ್ಟುತ್ತದೋ ಅಲ್ಲೇ ದೊಡ್ಡದು ಬೀಳಬೇಕು. ಮೆಲ್ಲಗೆ ಮುಟ್ಟಿದರೆ ಮೆಲ್ಲಗೆ, ಜೋರಾಗಿ ಮುಟ್ಟಿದರೆ ಜೋರಾಗಿ. ಪಟ್ಟಿ ಇಟ್ಟು ಬಡಿಯುವ ಅಡಿಗಲ್ಲಿಗೆ ಟಣ್ ಅಂತ ಖಾಲಿ ಪೆಟ್ಟು ಕೊಟ್ಟರೆ ನಿಲ್ಲಿಸು ಅಂತ. ಬಾಯಿ ಮಾತಿಗೆ ಅಲ್ಲಿ ಪುರುಸೊತ್ತಿಲ್ಲ. ಪಟ್ಟಿ ಕೆಂಪಗಿರುವುದೇ ಸ್ವಲ್ಪ ಹೊತ್ತು. ಇವರಿಬ್ಬರು ಎಷ್ಟೋ ವರ್ಷ ಹೀಗೇ ಎದುರುಬದುರು ನಿಂತು ಬಡಿದಿದ್ದಾರೆ. ಹೊರಗಡೆ ಇಬ್ಬರೂ ಮಾತಾಡಿದ್ದನ್ನು ನಾನು ಕಂಡದ್ದು ಕಡಿಮೆ. ಯಕ್ಷಗಾನಕ್ಕೆ ಒಟ್ಟಿಗೇ ಹೋಗುತ್ತಿದ್ದರು, ಅಲ್ಲೂ ಸುಮ್ನೆ ಕೂತಿರುತ್ತಿದ್ದರು.

ಆಚಾರ್ರ ಕತ್ತಿಯ ಬುಡದಲ್ಲಿ, ಹಿಡಿಯ ಹತ್ತಿರ, ಎರಡು ಚುಕ್ಕಿ ಇರುತ್ತಿತ್ತು. ಮೊಳೆಯಂಥ ಉಳಿಯಿಂದ ಹೊಡೆದದ್ದು. ಅವರ ಗುರುತು ಅದು. ಎರಡು ಯಾಕೆ ಅಂತ ಒಮ್ಮೆ ಕೇಳಿದೆ. "ಒಂದು ಅವಂದು" ಅಂದರು, ತಲೆ ಎತ್ತದೆ.

ಈಗ ಆ ರಾತ್ರಿಯ ವಿಷಯ. ಮನೆಯವರಿಗೆ ಹೇಳಿಬಿಡಿ ಅಂತ ಡಾಕ್ಟರು ಅಂದ ರಾತ್ರಿ. ಮಗಳು ಆಗಲೇ ಸೋತು ಹೋಗಿದ್ದಳು, ಅವಳನ್ನು ಸಂಜೆಯೇ ಮನೆಗೆ ಕಳಿಸಿದ್ದೆವು. ಉಳಿದದ್ದು ನಾನು ಮತ್ತು ಅಣ್ಣ. ಹೊರಗೆ ಆಷಾಢದ ಮಳೆ ಹೊಡೆಯುತ್ತಿತ್ತು. ಒಳಗೆ ನರ್ಸಮ್ಮ ಆಚಾರ್ರ ಕೈಯಲ್ಲಿ ನರ ಹುಡುಕುತ್ತಿದ್ದರು. ಆ ಕೈ ನಿಮಗೆ ನೆನಪಿರಬೇಕಲ್ವಾ? ಕಿಡಿ ಬಿದ್ದು ಬಿದ್ದು ಮುಂಗೈ ಪೂರ್ತಿ ಸಣ್ಣ ಸಣ್ಣ ಬಿಳಿ ಕಲೆ. ಹೆಬ್ಬೆರಳಿನ ಉಗುರು ಯಾವತ್ತೋ ಜಜ್ಜಿ ಹೋಗಿ ಸೊಟ್ಟಗೆ ಬೆಳೆದದ್ದು. ಸೂಜಿ ಎಲ್ಲೂ ನಿಲ್ಲುತ್ತಿರಲಿಲ್ಲ. ಮೂರು ಕಡೆ ಹತ್ತಿ, ಮೂರು ಕಡೆ ಟೇಪು. ನನ್ನ ಕೈಲಿ ನೋಡಲಿಕ್ಕೆ ಆಗಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಗೋಡೆಗೆ ತಲೆ ಆನಿಸಿ ನಿಂತೆ. ದೇವರನ್ನು ಬೈದೆ. ಅವರನ್ನೂ ಬೈದೆ, ಹೀಗೆ ಹೋಗುವುದಾದರೆ ಯಾಕೆ ಇಷ್ಟು ಹಚ್ಚಿಕೊಂಡಿರಿ ಅಂತ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ವಾಪಸ್ ಬಂದಾಗ ಅಣ್ಣ ಸ್ಟೂಲಿನ ಮೇಲೆ ಕೂತು ಲೆಕ್ಕ ಹೇಳುತ್ತಿದ್ದರು.

ಹೌದು, ಲೆಕ್ಕ. "ಮೇಲಿನ ಮನೆಯವರ ಎರಡು ಮೆಟ್ಟುಗತ್ತಿ ಮಸೆದದ್ದು, ಹೋದ ಸುಗ್ಗೀದು ಬಾಕಿ. ಸೊಸೈಟಿ ಹತ್ರದವರ ಸೊಪ್ಪಿನ ಕತ್ತಿಗೆ ಹಿಡಿ ಹಾಕಿದ್ದು, ಅರ್ಧ ಕೊಟ್ಟಿದ್ದಾರೆ. ಭಟ್ಟರ ಹಾರೆ, ಕೊಟ್ಟಾಯ್ತು. ಮಾಸ್ತರ ಈಳಿಗೆಮಣೆ, ದುಡ್ಡು ಬೇಡ ಅಂದಿದ್ರಿ." ದನಿ ಏರಲಿಲ್ಲ, ಇಳಿಯಲಿಲ್ಲ. ಆಚಾರ್ರ ಕುಲುಮೆಯಲ್ಲಿ ಪುಸ್ತಕ ಅನ್ನುವುದೇ ಇರಲಿಲ್ಲ. ಅವರ ಅಜ್ಜನ ಕಾಲದಲ್ಲಿ ಊರಿನವರು ವರ್ಷಕ್ಕೊಮ್ಮೆ ಆಯದ ಭತ್ತ ಅಳೆಯುತ್ತಿದ್ದರು. ಆಯಗಾರರಲ್ಲಿ ಕಮ್ಮಾರನೂ ಒಬ್ಬ. ವರ್ಷವಿಡೀ ಕುಳ, ಕುಡುಗೋಲು, ಕತ್ತಿ ಸರಿ ಮಾಡಿಕೊಡುವುದು, ಕಣದಲ್ಲಿ ಪಾಲು ಪಡೆಯುವುದು. ಭತ್ತ ನಿಂತು ದುಡ್ಡು ಬಂತು. ಆದರೆ ಬರೆಯದೆ ನೆನಪಿಟ್ಟುಕೊಳ್ಳುವ ರೂಢಿ ಹೋಗಲಿಲ್ಲ. ಆ ನೆನಪು ಪೂರ್ತಿ ಇದ್ದದ್ದು ಅಣ್ಣನ ತಲೆಯಲ್ಲಿ.

ಒಂದು ಕೇರಿ ಮುಗಿಸಿ ಇನ್ನೊಂದಕ್ಕೆ ಹೋದರು. ಹೊಳೆ ಆಚೆಯ ಮನೆಗಳಿಗೂ ಹೋದರು. ಆಚಾರ್ರ ಉಸಿರು ಅಷ್ಟು ಹೊತ್ತು ಎಳೆಯುತ್ತಿದ್ದದ್ದು ಸ್ವಲ್ಪ ತಗ್ಗಿತು. ನಸುಕಿಗೆ ಮುಂಚೆ ಯಾರದೋ ಮನೆಯ ಕತ್ತಿ ಅಂತ ಅಣ್ಣ ಅಂದಾಗ ಆಚಾರ್ರು ಕಣ್ಣು ಬಿಟ್ಟರು. "ಕತ್ತಿ ಅಲ್ಲ ಮಾರಾಯ. ಪಿಕಾಸಿ."

"ಹೌದು, ಪಿಕಾಸಿ" ಅಂದು ಅಣ್ಣ ಮುಂದಿನ ಮನೆಗೆ ಹೋದರು.

ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಆ ವಾರ್ಡಿನಲ್ಲಿ, ಆ ಹೊತ್ತಿನಲ್ಲಿ. ನರ್ಸಮ್ಮ ಓಡಿ ಬಂದು ನೋಡಿದರು. ನಗುತ್ತಾ ಇದ್ದದ್ದು ಯಾವಾಗ ಅಳು ಆಯಿತೋ ಗೊತ್ತಾಗಲಿಲ್ಲ. ಆಚಾರ್ರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ. ಮರುದಿನ ಮಧ್ಯಾಹ್ನ ಅವರು ಹೋದರು. ಮಗಳು ಪಕ್ಕದಲ್ಲಿದ್ದಳು, ಅಷ್ಟಾದರೂ ಆಯಿತು.

ಅಣ್ಣ, ನೀವು ಫೋನ್ ಇಟ್ಟುಕೊಂಡವರಲ್ಲ. ಇದನ್ನು ನಿಮ್ಮ ಮಗಳು ಓದಿ ಹೇಳುತ್ತಾಳೆ. ಆ ರಾತ್ರಿ ನೀವು ಅಳಲಿಲ್ಲ, ಸಮಾಧಾನ ಹೇಳಲಿಲ್ಲ, ನನ್ನ ಹೆಗಲ ಮೇಲೆ ಕೈ ಹಾಕಲಿಲ್ಲ. ಅವರನ್ನು ಕಾಯಿಲೆಯವರ ಹಾಗೆ ನೋಡಲೇ ಇಲ್ಲ. ಕುಲುಮೆಯ ಯಜಮಾನರನ್ನು ಲೆಕ್ಕ ಕೇಳಿಸಿಕೊಳ್ಳಲು ಕೂರಿಸಿದಿರಿ. ನಾವು ಅಷ್ಟು ಜನ ಓದಿದವರು ಇದ್ದೆವು, ಒಬ್ಬರಿಗೂ ಅದು ಹೊಳೆಯಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಹೇಳಿದರೆ "ಅದರದ್ದೆಂತ" ಅಂತೀರಿ.

ಇನ್ನು ಆಚಾರ್ರ ಬಗ್ಗೆ. ಗುರುಗಳು ಅಂದರೆ ಅವರಿಗೆ ಆಗುತ್ತಿರಲಿಲ್ಲ, "ಗುರು ಮಠದಲ್ಲಿರ್ತಾರೆ" ಅನ್ನುತ್ತಿದ್ದರು. ಆದರೂ ನನ್ನಂಥ ಎಷ್ಟೋ ಜನರಿಗೆ ಉಕ್ಕಿನ ಹದ, ಅಂದರೆ ಕಾಯಿಸಿ ಅದ್ದಿ ಬೇಕಾದಷ್ಟೇ ಗಟ್ಟಿ ಮಾಡುವುದು, ಏನು ಅಂತ ತೋರಿಸಿದ್ದು ಅವರೇ. ಕುಲುಮೆ ಯಾಕೆ ಕತ್ತಲೆ ಕತ್ತಲೆಯಾಗಿರುತ್ತದೆ ಅಂತ ಹೊಸಬರು ಕೇಳುತ್ತಾರೆ. ಬಿಸಿಲಲ್ಲಿ ಉಕ್ಕಿನ ಬಣ್ಣ ಕಾಣುವುದಿಲ್ಲ, ಅದಕ್ಕೆ. ನಾನು ಅಯಸ್ಕಾಂತ ಇಟ್ಟುಕೊಂಡು ಕಲಿತವನು. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದರಿಂದ ಇನ್ನು ಸ್ವಲ್ಪ ಮೇಲೆ ಹೋಗಿ ಎಣ್ಣೆಗೆ ಅದ್ದಬೇಕು. ಅವರು ದೂರದಿಂದಲೇ "ಈಗ ಹಿಡಿ ನೋಡುವಾ" ಅನ್ನುತ್ತಿದ್ದರು. ಹಿಡಿದರೆ ಅಂಟುತ್ತಿರಲಿಲ್ಲ. ಒಂದೇ ಒಂದು ಸಲ ತಪ್ಪಲಿ ಅಂತ ನಾವು ಕಾದದ್ದೇ ಬಂತು.

ಅದ್ದಿದ ಮೇಲೆ ಅತಿಯಾದ ಗಡಸನ್ನು ತಗ್ಗಿಸುವುದು, ಅದೇ ಹದ ಇಳಿಸುವುದು, ಅದಂತೂ ಕಣ್ಣಿಗೆ ಹಬ್ಬ. ಕತ್ತಿಯ ಹರಿತವಾದ ಬಾಯಿಯ ಕಡೆ ಮಾತ್ರ ಅದ್ದಿ ತೆಗೆದು, ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಇಳಿಯುವುದನ್ನು ಕಾಯುತ್ತಿದ್ದರು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೇರಳೆ, ನೀಲಿ ಒಂದರ ಹಿಂದೆ ಒಂದು ಸರಿಯುತ್ತಾ ಬರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಹುಲ್ಲಿನ ಬಣ್ಣದಲ್ಲೇ ನಿಲ್ಲಬೇಕು. ಹೆಗ್ಗತ್ತಿಯನ್ನು ನೇರಳೆ ತನಕ ಬಿಡಬೇಕು, ಇಲ್ಲದಿದ್ದರೆ ಮರದ ಗಂಟಿಗೆ ಬಡಿದಾಗ ಬಾಯಿ ಚಕ್ಕೆ ಏಳುತ್ತದೆ. ಇಷ್ಟನ್ನು ಬರೆಯುವುದು ಸುಲಭ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಒಂದು ಬಣ್ಣ ದಾಟಿರುತ್ತದೆ.

ಗೋಡೆಗೆ ನೇತುಹಾಕಲು ಕತ್ತಿ ಬೇಕು ಅಂತ ಬಂದವರಿಗೆ "ಕ್ಯಾಲೆಂಡರ್ ತಗೊಳ್ಳಿ, ಸೊಸೈಟಿಯಲ್ಲಿ ಪುಕ್ಕಟೆ ಕೊಡ್ತಾರೆ" ಅನ್ನುತ್ತಿದ್ದರು. ಹೀಗಾಗಿ ಕಳಕೊಂಡ ವ್ಯಾಪಾರ ಸ್ವಲ್ಪವಲ್ಲ. ಅಮೆರಿಕದಲ್ಲಿ ಕತ್ತಿ ಮಾಡುವವರ ಸಂಘ ಒಂದು ಪರೀಕ್ಷೆ ಇಡುತ್ತದೆ ಅಂತ ಟೆಕ್ಸಾಸಿನ ಹುಡುಗ ಹೇಳಿದ್ದ. ನೇತಾಡುವ ಒಂದಿಂಚಿನ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು, ಮರದ ರೀಪನ್ನು ಎರಡು ಸಲ ತುಂಡರಿಸಬೇಕು, ಆಮೇಲೂ ಅದೇ ಬಾಯಿಯಿಂದ ಕೈ ಮೇಲಿನ ಕೂದಲು ಬೋಳಿಸಬೇಕು, ಕೊನೆಗೆ ಅಲಗನ್ನು 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಆಚಾರ್ರು ಅಂಗಳದಲ್ಲಿ ಮೊದಲ ಮೂರನ್ನೂ ಮಾಡಿ ತೋರಿಸಿದರು. ಬಗ್ಗಿಸು ಅಂದಾಗ ಕತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ ಎದ್ದು ಹೋದರು. "ಬಗ್ಗಿಸಿದ ಮೇಲೆ ನಾಳೆ ಸೊಪ್ಪು ಕೊಯ್ಯೋದು ಯಾವುದರಲ್ಲಿ?"

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಗೆ ಅವರನ್ನು ಕರೆದುಕೊಂಡು ಹೋದದ್ದು ನೆನಪಾಗುತ್ತದೆ. ಹಿಂದೆ ಮೂಸೆಯಲ್ಲಿ, ಅಂದರೆ ಬೆಂಕಿ ತಡೆಯುವ ಮಣ್ಣಿನ ಪಾತ್ರೆಯಲ್ಲಿ, ಉಕ್ಕು ಕರಗಿಸುತ್ತಿದ್ದ ಊರು ಅದು. ಈಗಿನ ಬೇರಿಂಗ್ ಉಕ್ಕಿಗಿಂತ ಜಾಸ್ತಿ ಇಂಗಾಲ ಇದ್ದ ಉಕ್ಕು. ಒಡೆದ ಮೂಸೆಯ ಚೂರೊಂದನ್ನು ಕೈಯಲ್ಲಿ ಹಿಡಿದು, ಒಳಮೈಯ ಗಾಜಿನಂಥ ಕಪ್ಪನ್ನು ಹೆಬ್ಬೆರಳಲ್ಲಿ ಉಜ್ಜಿ, ಎಲ್ಲಿತ್ತೋ ಅಲ್ಲೇ ಇಟ್ಟರು. ನಮ್ಮ ದೇಶದ ಈ ಉಕ್ಕಿನ ಗುಟ್ಟೇನು ಅಂತ 1819ರಲ್ಲಿ ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಪರೀಕ್ಷೆ ಮಾಡಿದ್ದ ಅಂತ ನಮ್ಮಲ್ಲೊಬ್ಬ ಹೇಳಿದ. "ಇಲ್ಲಿಗೇ ಬಂದು ಕೇಳಬಹುದಿತ್ತಲ್ಲ" ಅಂದರು. ಫ್ಯಾರಡೆಯ ಅಪ್ಪ ಕಮ್ಮಾರ ಅಂತ ತಿಳಿದ ಮೇಲೆ ಸ್ವಲ್ಪ ಮೆತ್ತಗಾದರು. "ಹಾಗಾದ್ರೆ ಅವನಿಗೆ ಗೊತ್ತಾಗಿರ್ತದೆ ಬಿಡು." ವಾಪಸ್ ಬರುವಾಗ ಕಾರಿನಲ್ಲಿ ಹಿಂದೆ ಕೂತಿದ್ದ ಅಣ್ಣನಿಗೆ ಇದನ್ನೇ ಮತ್ತೆ ಹೇಳಿ ಇಬ್ಬರೂ ನಕ್ಕರು.

ದುಃಖ ಆಗಿಲ್ಲವಾ ಅಂತ ಕೇಳಬೇಡಿ. ಕೆಲಸಕ್ಕೆ ಹೋಗುತ್ತೇನೆ, ಊಟ ಮಾಡುತ್ತೇನೆ, ಎಲ್ಲ ನಡೆಯುತ್ತಿದೆ. ಹೋದ ಭಾನುವಾರ ಒಂದು ಅಲಗು ಕಾಯಿಸಿದೆ. ಬಣ್ಣ ಸರಿ ಬಂತು ಅನ್ನಿಸಿತು. ಕೇಳೋಣ ಅಂತ ತಿರುಗಿದೆ. ಅಷ್ಟರಲ್ಲಿ ಅದು ಕಪ್ಪಾಯಿತು. ಮತ್ತೆ ಇದ್ದಿಲಿಗೆ ಇಟ್ಟೆ.

ಇನ್ನು ಮನೆಯವರು ಹೇಳಲು ಹೇಳಿದ ವಿಷಯ. ಕುಲುಮೆ ಮುಚ್ಚುತ್ತಿಲ್ಲ. ಮಗಳು ಸಣ್ಣ ಸುತ್ತಿಗೆ ಹಿಡಿಯುತ್ತಿದ್ದಾಳೆ. ಚಿಕ್ಕಂದಿನಿಂದ ತಿದಿ ಒತ್ತಿದವಳು, ಕೈ ಕೂರಲು ಸ್ವಲ್ಪ ಸಮಯ ಬೇಕು ಅಷ್ಟೇ. ಎದುರಿಗೆ ಅಣ್ಣ ಇದ್ದಾರೆ. ಅವಳು ತಪ್ಪು ಜಾಗ ಮುಟ್ಟಿದರೆ ಅವರು ಚಮ್ಮಟಿಗೆಯನ್ನು ಮೇಲೇ ಹಿಡಿದು ನಿಲ್ಲುತ್ತಾರಂತೆ, ಅವಳು ಸರಿ ಮಾಡಿಕೊಳ್ಳುವ ತನಕ. ಒಬ್ಬರಿಗೊಬ್ಬರು ಬೈದುಕೊಂಡೇ ನಾಲ್ಕು ಸೊಪ್ಪಿನ ಕತ್ತಿ ಮುಗಿಸಿದ್ದಾರೆ. ತೆಂಗಿನ ಚಿಪ್ಪಿನ ಇದ್ದಿಲು ಸಿಗುವವರು ಒಂದು ಮೂಟೆ ಕಳಿಸಿ, ದುಡ್ಡು ಕೊಡುತ್ತಾರೆ. ಬೆಂಗಳೂರಿನವರು ಮುಂಗಡ ಕೊಟ್ಟ ಅಡುಗೆ ಚಾಕುಗಳು ದೀಪಾವಳಿ ಹೊತ್ತಿಗೆ ಬರುತ್ತವೆ, ಅವಸರ ಮಾಡಬೇಡಿ.

ಅಡಿಕೆ ಸುಗ್ಗಿಗೆ ಮೆಟ್ಟುಗತ್ತಿ ಮಸೆಸುವವರು ಈಗಲೇ ತಂದುಕೊಡಿ. ಅಮಾವಾಸ್ಯೆ ದಿನ ರಜೆ. ಹಳೇ ಬಾಕಿ ಇದ್ದವರು ಅಣ್ಣನ ಕೈಗೇ ಕೊಡಿ. ಎಷ್ಟು ಅಂತ ನಿಮಗೆ ಮರೆತಿದ್ದರೂ ತೊಂದರೆ ಇಲ್ಲ, ಅವರು ಹೇಳುತ್ತಾರೆ.