ಬಂಡೆ ಮೇಲಿನ ಮೊಟ್ಟೆಗೆ ಒಂದು ಹಗ್ಗ ಕಟ್ಟಿಸಿ

ಮಾನ್ಯ ಸಂಪಾದಕರೇ,

ರಂಗನತಿಟ್ಟಿನಿಂದ ಸ್ವಲ್ಪ ದೂರದಲ್ಲಿ, ಕಾವೇರಿ ದಡದಲ್ಲಿ ನನ್ನದೊಂದು ಚುರುಮುರಿ ಗಾಡಿ ಇದೆ. ಹದಿನಾಲ್ಕು ವರ್ಷದಿಂದ ಅಲ್ಲೇ ನಿಲ್ಲಿಸುತ್ತೇನೆ. ಭಾನುವಾರ ಬೆಂಗಳೂರು, ಮೈಸೂರಿನ ಕಾರುಗಳು ಬಂದರೇ ನನ್ನ ಮನೆ ನಡೆಯುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದು ಅವರ ಮೇಲಿನ ದೂರಿನ ಥರ ಕಾಣಬಹುದು.

ಬೇಸಿಗೆಯಲ್ಲಿ ಹೊಳೆ ಇಳಿದಾಗ ನಡುವೆ ಬಂಡೆಗಳು ಏಳುತ್ತವೆ. ಫೆಬ್ರವರಿ ಕಳೆಯುತ್ತಿದ್ದಂತೆ ಅವುಗಳ ಮೇಲೆ ನದಿ ರೀವ ಮೊಟ್ಟೆ ಇಡುತ್ತದೆ. ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲಿನ ಹಕ್ಕಿ. ಗೂಡು ಗೀಡು ಏನೂ ಕಟ್ಟುವುದಿಲ್ಲ. ಬಂಡೆಯ ಸಣ್ಣ ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ, ಅಷ್ಟೇ. ಬಣ್ಣವೂ ಹೆಚ್ಚುಕಡಿಮೆ ಬಂಡೆಯದೇ, ಮೇಲೆ ಕಂದು ಮಚ್ಚೆ. ಪಕ್ಕದಲ್ಲೇ ನಿಂತರೂ ಕಾಣಲ್ಲ. ನನಗೆ ಮೊದಲು ತೋರಿಸಿಕೊಟ್ಟವರು ಹರಿಗೋಲು ಹಾಕುತ್ತಿದ್ದ ಒಬ್ಬ ಅಜ್ಜ.

ಕಳೆದ ಭಾನುವಾರ ಐದಾರು ಹುಡುಗರು ಮೊಣಕಾಲುದ್ದ ನೀರು ದಾಟಿ ಅಂಥದೇ ಬಂಡೆ ಹತ್ತಿ, ಸ್ಪೀಕರ್ ಇಟ್ಟುಕೊಂಡು ಕೂತರು. ಕೆಟ್ಟ ಹುಡುಗರೇನಲ್ಲ. ನನ್ನ ಹತ್ತಿರವೇ ಖಾರ ಜಾಸ್ತಿ ಹಾಕಿಸಿಕೊಂಡು ಹೋದವರು. ಎರಡು ಹಕ್ಕಿ ಕಿರುಚುತ್ತಾ ಅವರ ತಲೆ ಮೇಲೇ ಸುತ್ತುತ್ತಿದ್ದವು. ಅದನ್ನೂ ವಿಡಿಯೊ ಮಾಡಿಕೊಂಡರು. ಸುಡು ಮಧ್ಯಾಹ್ನ, ಬಂಡೆ ಕಾದ ಹೆಂಚಾಗಿತ್ತು. ಆ ಹೊತ್ತಿನಲ್ಲಿ ಹಕ್ಕಿ ಮೊಟ್ಟೆಗೆ ನೆರಳಾಗಿ ನಿಲ್ಲಬೇಕು. ನೀರಿಗೆ ಹೊಟ್ಟೆ ಅದ್ದಿ ಬಂದು ತಂಪು ಮಾಡುವುದನ್ನೂ ನೋಡಿದ್ದೇನೆ. ಹುಡುಗರು ಎದ್ದು ಹೋದ ಮೇಲೆ ಹೋಗಿ ನೋಡಿದೆ. ಒಂದು ಮೊಟ್ಟೆ ಕಾಲಿಗೆ ಸಿಕ್ಕಿ ಒಡೆದಿತ್ತು. ಇನ್ನೆರಡು ನೆಟ್ಟಗೇ ಇದ್ದವು. ಆದರೆ ಮರುದಿನದಿಂದ ಹಕ್ಕಿ ಅತ್ತ ಬರಲೇ ಇಲ್ಲ. ಪಕ್ಕದಲ್ಲಿ ಬಿದ್ದಿದ್ದ ಪೇಪರ್ ಪೊಟ್ಟಣ ನನ್ನದೇ.

ರಂಗನತಿಟ್ಟು 1940ರಲ್ಲೇ ಪಕ್ಷಿಧಾಮವಾಯಿತು, ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿದ ಮೇಲೆ. 2022ರಲ್ಲಿ ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಗೂ ಸೇರಿತು, ಕರ್ನಾಟಕದಲ್ಲೇ ಮೊದಲು. ಸಂತೋಷ. ಅಲ್ಲಿ ಹುಟ್ಟು ಹಾಕುವ ದೋಣಿ, ಜೊತೆಗೆ ಕಾಯುವ ಜನ. ಮೊಸಳೆ ಭಯಕ್ಕೆ ಯಾರೂ ದೋಣಿ ಬಿಟ್ಟು ಇಳಿಯುವುದಿಲ್ಲ. ನಮ್ಮ ಕಡೆಯೂ ಮೊಸಳೆ ಇವೆ, ಬೋರ್ಡೂ ಇದೆ. ಓದುವವರು ಬೇಕಲ್ಲ! ಗಡಿ ಎಲ್ಲಿ ಮುಗಿಯುತ್ತದೆ ಅಂತ ಹಕ್ಕಿಗೇನು ಗೊತ್ತು?

ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗಲೂ ತಗ್ಗಿನ ಬಂಡೆಯ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ಅದನ್ನು ಕೇಳೋಕೆ ನನಗೆ ಬಾಯಿಲ್ಲ. ಭತ್ತ, ಕಬ್ಬಿಗೆ ನೀರು ಬೇಕೇ ಬೇಕು, ನಮ್ಮಣ್ಣನ ಗದ್ದೆಗೂ ಸೇರಿ. ನಾನು ಕೇಳುವುದು ತೀರಾ ಸಣ್ಣದು. ಫೆಬ್ರವರಿಯಿಂದ ಮೇ ಮುಗಿಯುವವರೆಗೆ ನಾಲ್ಕೈದು ಬಂಡೆಗೆ ಹೋಗುವ ದಾರಿಗೆ ಅಡ್ಡ ಒಂದು ಹಗ್ಗ, ಮೊಟ್ಟೆ ಇದೆ ಅಂತ ಒಂದು ಬೋರ್ಡು, ಭಾನುವಾರ ನಿಲ್ಲಲು ಒಬ್ಬ ಮನುಷ್ಯ. ಪಕ್ಷಿಧಾಮದವರಿಗೆ ಎರಡು ಸಲ ಹೋಗಿ ಹೇಳಿದೆ. ‘ಆ ಜಾಗ ನಮಗೆ ಬರಲ್ಲ’ ಅಂದರು. ಹಗ್ಗ ನಾನೇ ಕಟ್ಟಬಹುದು. ಗಾಡಿಯವನ ಹಗ್ಗಕ್ಕೆ ಯಾರು ಬೆಲೆ ಕೊಡ್ತಾರೆ, ಅಲ್ವಾ? ಸದ್ಯಕ್ಕೆ ಪೊಟ್ಟಣ ವಾಪಸ್ ತಂದುಕೊಟ್ಟವರಿಗೆ ಒಂದು ಹಿಡಿ ಕಡ್ಲೆಬೀಜ ಜಾಸ್ತಿ ಕೊಡುತ್ತಿದ್ದೇನೆ. ಮಕ್ಕಳು ತಂದುಕೊಡುತ್ತಾರೆ, ದೊಡ್ಡವರು ಕಮ್ಮಿ.

ಇನ್ನೂ ಎರಡು ಜೋಡಿ ಕಾವಿಗೆ ಕೂತಿವೆ. ಸಂಬಂಧಪಟ್ಟವರು ಯಾರಾದರೂ ಬಂದರೆ ಯಾವ ಬಂಡೆ ಅಂತ ನಾನೇ ತೋರಿಸುತ್ತೇನೆ. ಸೋಮವಾರ ಮಾತ್ರ ಗಾಡಿ ಇರುವುದಿಲ್ಲ.

— ಚುರುಮುರಿ ಗಾಡಿಯವನು, ಶ್ರೀರಂಗಪಟ್ಟಣ ತಾಲ್ಲೂಕು