ಮಗಳಿಗೊಂದು ಪತ್ರ: ನೀನು ಮರದ ಮೇಲಿರುವಾಗ ಕೆಳಗೆ ಯಾರಿರುತ್ತಾರೆ?

ಪ್ರೀತಿಯ ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಭಾನುವಾರ ಫೋನಿನಲ್ಲಿ ಧ್ವನಿ ಏರಿಸಿದ್ದಕ್ಕೆ ಮೊದಲು ನಿನ್ನ ಕ್ಷಮೆ ಕೇಳುತ್ತೇನೆ. ಹಗ್ಗ ಹಾಕಿ ಮರ ಹತ್ತುವ ಪರೀಕ್ಷೆ ಪಾಸಾಯಿತು, ಬರುವ ವಾರದಿಂದ ಮರದ ಮೇಲೆಯೇ ಯಂತ್ರದ ಗರಗಸವಾದ ಚೈನ್‌ಸಾ ಹಿಡಿಯುವ ತರಬೇತಿ ಎಂದು ನೀನು ಖುಷಿಯಿಂದ ಹೇಳುತ್ತಿದ್ದಾಗ ನಾನು "ಇಷ್ಟು ಸಾಕು, ಬಂದುಬಿಡು" ಎಂದೆ. ನೀನು ಫೋನ್ ಇಟ್ಟೆ. ನೀನು ಬ್ರಿಟನ್ನಿಗೆ ಹೊರಡುವ ಮುಂಚೆ ಈ ಜಗಲಿಯಲ್ಲಿ ನಡೆದ ವಾದವನ್ನೆಲ್ಲ ಮತ್ತೆ ಕೆದಕುವುದಿಲ್ಲ, ಅದು ಇಬ್ಬರಿಗೂ ನೆನಪಿದೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಮಾತ್ರ ಬರೆಯುತ್ತೇನೆ.

ನೀನಾಗ ಚಿಕ್ಕವಳು, ಆಯಿಯ ಜೊತೆ ಅಜ್ಜನ ಮನೆಗೆ ಹೋಗಿದ್ದೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಡಿಕೆಗೆ ಕೊಳೆರೋಗ ಬೀಳುವುದರೊಳಗೆ ಎರಡನೆಯ ಸಲದ ಬೋರ್ಡೋ ಔಷಧಿ ಹೊಡೆಸಿಬಿಡೋಣವೆಂದು ಅಡಿಕೆಮರ ಹತ್ತುವ ಕೊನೆಗೌಡನನ್ನು ಕರೆಸಿದ್ದೆ. ನನ್ನ ಓರಗೆಯವನು, ಮರದಿಂದ ಮರಕ್ಕೆ ದಾಟುವುದರಲ್ಲಿ ನಮ್ಮ ಸೀಮೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಳತೋಟದ ಒಂದು ಹಳೆಯ ಮರದ ತುದಿಯಲ್ಲಿ ಒಣ ಸೋಗೆಯ ಹಿಂದೆ ಕಡಜದ ಗೂಡಿತ್ತು. ಔಷಧಿಯ ನೀರು ಬಿದ್ದದ್ದೇ ತಡ, ಅವು ಎದ್ದು ಅವನ ಮುಖ, ಕತ್ತು, ಕೈಗಳಿಗೆ ಮುತ್ತಿದವು. ಅವನು ಕೂತಿದ್ದ ಮಣೆಯನ್ನು ಮರಕ್ಕೆ ಬಿಗಿದ ಹಗ್ಗ ಅವನನ್ನು ಬೀಳಗೊಡಲಿಲ್ಲ. ಆದರೆ ಇಳಿಯಲು ಬೇಕಾದ ಶಕ್ತಿ ಅವನ ಕೈಗಳಲ್ಲಿ ಉಳಿದಿರಲಿಲ್ಲ. ಕಣ್ಣು ಬಾತು ಮುಚ್ಚಿಹೋಗಿದ್ದವು. ಕೈಜಾರಿದ ಪೈಪು ಪಕ್ಕದ ಮರಕ್ಕೆ ಸಿಕ್ಕಿಕೊಂಡು, ಮೈಲುತುತ್ತದ ನೀಲಿ ನೀರು ತಲೆಯೆತ್ತಿ ನಿಂತಿದ್ದ ನಮ್ಮ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. "ಹೆಗಡೇರೆ, ಕೈ ಬರೂದಿಲ್ಲ" ಎಂದು ಅವನು ಒಮ್ಮೆ ಹೇಳಿದ. ಆಮೇಲೆ ಮಾತು ನಿಂತಿತು.

ಕೆಳಗೆ ನಾನಿದ್ದೆ, ಪಂಪು ಒತ್ತುವವನಿದ್ದ, ಔಷಧಿ ಕಲಸುವವರಿದ್ದರು. ಒಬ್ಬರಿಗೂ ಅಡಿಕೆಮರ ಹತ್ತಲು ಬರುತ್ತಿರಲಿಲ್ಲ. ಮನೆಯ ಏಣಿ ಮರದ ಅರ್ಧಕ್ಕೂ ಮುಟ್ಟಲಿಲ್ಲ. ಮೇಲಿನ ಕೇರಿಯ ತೋಟದಲ್ಲಿ ಇನ್ನೊಬ್ಬ ಕೊನೆಗೌಡ ಕೆಲಸ ಮಾಡುತ್ತಿದ್ದಾನೆಂದು ಹುಡುಗನೊಬ್ಬ ಓಡಿದ. ಅವನು ಬಂದು, ಕಾಲಿಗೆ ತಳೆ ಹಾಕಿ, ಹೆಗಲ ಮೇಲೆ ಹಗ್ಗದ ಸಿಂಬೆ ಇಟ್ಟುಕೊಂಡು ಏರಿ, ಇವನನ್ನು ಕಟ್ಟಿ ಇಳಿಸುವವರೆಗೆ ನಾವು ಮಾಡಿದ್ದು ಕೂಗಿ ಧೈರ್ಯ ಹೇಳುವುದೊಂದೇ. ಜೀವ ಉಳಿಯಿತು. ಆದರೆ ಅವನು ಮತ್ತೆ ಮರ ಹತ್ತಲಿಲ್ಲ.

ನೋಡು ಕೂಸೇ, ಅಂದು ಹಗ್ಗ ಹರಿದಿರಲಿಲ್ಲ, ಮರ ಮುರಿದಿರಲಿಲ್ಲ, ಕೆಲಸ ಬಲ್ಲವನೇ ಮೇಲಿದ್ದ. ಇಲ್ಲದೆ ಹೋದದ್ದು ಮೇಲೆ ಹೋಗಬಲ್ಲ ಇನ್ನೊಬ್ಬ. ನೀನು ಬೀಳುತ್ತೀಯೆಂಬ ಹೆದರಿಕೆ ನನಗಿಲ್ಲ. ಹಗ್ಗದಲ್ಲೇ ಉಳಿದುಬಿಟ್ಟರೆ ಯಾರು ಹತ್ತುತ್ತಾರೆ ಎಂಬುದು ನನ್ನ ಹೆದರಿಕೆ. ನಿನ್ನ ತರಬೇತಿಯಲ್ಲಿ ಮರ ಹತ್ತುವುದನ್ನೂ ಮೇಲೆ ಸಿಕ್ಕಿಬಿದ್ದವರನ್ನು ಇಳಿಸುವುದನ್ನೂ ಒಟ್ಟಿಗೇ ಕಲಿಸುತ್ತಾರೆಂದು ನೀನು ಹೇಳಿದಾಗ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು. ಒಬ್ಬರು ಮರದ ಮೇಲಿರುವಾಗ ಅವರೂ ಸೇರಿ ಕನಿಷ್ಠ ಇಬ್ಬರು ಸ್ಥಳದಲ್ಲಿರಬೇಕು, ಕೆಳಗಿರುವವರಲ್ಲಿ ಒಬ್ಬರಿಗೆ ತಡಮಾಡದೆ ಹತ್ತಿ ಇಳಿಸುವ ತರಬೇತಿಯೂ ಸಲಕರಣೆಯೂ ಇರಬೇಕು ಎಂಬುದು ಅಲ್ಲಿಯ ಕ್ರಮವಂತೆ. ಒಳ್ಳೆಯ ಕ್ರಮ. ಆದರೆ ತರಬೇತಿ ಮುಗಿಸಿ ನಾಳೆ ಕೆಲಸಕ್ಕೆ ಸೇರಿದ ಮೇಲೆ, ಆ ಹತ್ತಬಲ್ಲವನೇ ಕೊಂಬೆಯ ಚೂರು ತುಂಬಿದ ಗಾಡಿ ಖಾಲಿ ಮಾಡಲು ಹೋದರೆ? ಅಥವಾ ಅವನಿದ್ದೂ, ಕೊಂಬೆ ಪುಡಿಮಾಡುವ ಯಂತ್ರದ ಸದ್ದಿನಲ್ಲಿ ನಿನ್ನ ಕೂಗು ಕೇಳದೆ ಹೋದರೆ? ಅಂಥ ಹೊತ್ತಿನಲ್ಲಿ ಕೆಲಸ ನಿಲ್ಲಿಸಿ ಕಾಯುವುದಕ್ಕೆ ಸಂಕೋಚ ಪಡಬೇಡ. ಹೊಸಬಳು, ಹೊರಗಿನವಳು, ಅದರಲ್ಲೂ ಹೆಣ್ಣುಮಗಳು ಎಂದು ಯಾರಾದರೂ ಗೊಣಗಿದರೆ ಗೊಣಗಲಿ.

ಉಪದೇಶ ಮಾಡಬಾರದೆಂದೇ ಪೆನ್ನು ಹಿಡಿದಿದ್ದೆ, ಆದರೂ ಕೆಲವು ಮಾತು ಹೇಳದೆ ಕೈ ಬಿಡುವುದಿಲ್ಲ. ಮರದ ಮೇಲೆ ಬಳಸುವ ಆ ಸಣ್ಣ ಚೈನ್‌ಸಾದ ಹಿಡಿಕೆ ಅದರ ನೆತ್ತಿಯ ಮೇಲೆಯೇ ಇರುವುದರಿಂದ ಒಂದೇ ಕೈಯಲ್ಲಿ ಕೊಯ್ಯುವ ಆಸೆ ಯಾರಿಗಾದರೂ ಹುಟ್ಟುತ್ತದೆ; ಎರಡೂ ಕೈ ಮಷಿನ್ ಮೇಲೆಯೇ ಇರಲಿ. ಚೈನ್ ಸುತ್ತಿ ಓಡುವ ಬಾರಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಮಷಿನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಚಿಮ್ಮುತ್ತದೆ, ಆದ್ದರಿಂದ ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬೇಡ, ಜಾಗ ಬದಲಿಸುವಾಗ ಚೈನ್ ಬ್ರೇಕ್ ಹಾಕದೆ ಅಲುಗಬೇಡ. ಕೊಯ್ಯುವ ಮೊದಲು ಹತ್ತುವ ಹಗ್ಗವಲ್ಲದೆ ಉಕ್ಕಿನ ಎಳೆಯಿರುವ ಇನ್ನೊಂದು ಪಟ್ಟಿಯೂ ನಿನ್ನನ್ನು ಮರಕ್ಕೆ ಕಟ್ಟಿರಬೇಕು, ಏಕೆಂದರೆ ಓಡುವ ಚೈನಿಗೆ ಬರೀ ಹಗ್ಗ ಏನೂ ಅಲ್ಲ. ಚೈನ್ ತಡೆಯುವ ಪ್ಯಾಂಟಿನ ಒಳಗಿನ ನೂಲಿನ ಎಳೆಗಳು ಚೈನಿಗೆ ಸುತ್ತಿಕೊಂಡು ಮಷಿನನ್ನು ನಿಲ್ಲಿಸುತ್ತವೆಂದು ನೀನೇ ವಿವರಿಸಿದ್ದೆ. ಆದರೆ ವರ್ಗ 1ರ ಪ್ಯಾಂಟನ್ನು ಪರೀಕ್ಷಿಸುವುದು ಸೆಕೆಂಡಿಗೆ 20 ಮೀಟರ್ ವೇಗದ ಚೈನಿನಲ್ಲಿ. ಅದಕ್ಕಿಂತ ವೇಗದ ಮಷಿನ್ ಹಿಡಿದಾಗ ಅದನ್ನೇ ನಂಬಿ ಕೂರಬೇಡ. ಮುಂಭಾಗಕ್ಕಷ್ಟೇ ಪದರವಿರುವುದನ್ನು ಬಿಟ್ಟು, ಕಾಲಿನ ಸುತ್ತಲೂ ಇರುವುದನ್ನೇ ಕೊಳ್ಳು. ದುಡ್ಡು ನಾನು ಕಳಿಸುತ್ತೇನೆ, ಬೇಡವೆನ್ನಬೇಡ.

ಇನ್ನೊಂದು, ಅಲ್ಲಿಯ ಆ್ಯಶ್ ಮರಗಳ ವಿಷಯ. 2012ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಗುರುತಿಸಿದ ಶಿಲೀಂಧ್ರ ರೋಗ ಈಗ ಊರೂರಿಗೂ ಹಬ್ಬಿದೆ, ರೋಗ ತಗುಲಿದ ಮರದ ಕೊಂಬೆಗಳು ಪೆಡಸಾಗಿ ಮುನ್ಸೂಚನೆಯಿಲ್ಲದೆ ಮುರಿಯುತ್ತವೆ ಎಂದು ಓದಿದೆ. ಶಿಲೀಂಧ್ರ ಎಂದರೇನೆಂದು ಎಲೆಚುಕ್ಕಿ ರೋಗದ ತೋಟವಿಟ್ಟುಕೊಂಡ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಮರಕ್ಕೆ ಹಗ್ಗ ಹಾಕುವ ಮುನ್ನ ಆಳನ್ನು ಮೇಲಕ್ಕೆತ್ತುವ ತೊಟ್ಟಿಲು ಗಾಡಿಯಲ್ಲಿ ನಿಂತು ಕೊಯ್ಯಲು ಸಾಧ್ಯವೇ ಎಂದು ಕೇಳು. ಹತ್ತುವುದಿಲ್ಲ ಎಂದು ಹೇಳುವ ಅಧಿಕಾರ ಹತ್ತುವವಳಿಗೇ ಇರಬೇಕು.

ಹೆಮ್ಮೆಯಿಲ್ಲವೆಂದು ಮಾತ್ರ ತಿಳಿಯಬೇಡ. ನೀನು ಹೊರಡುವ ಮುಂಚೆ ಅಂಗಳದ ಹಲಸಿನ ದೊಡ್ಡ ಕೊಂಬೆ ತೆಗೆದ ರೀತಿ ಕಣ್ಣಿಗೆ ಕಟ್ಟಿದೆ: ಮೊದಲು ಅಡಿಯಿಂದ ಒಂದು ಕೊಯ್ತ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಇನ್ನೊಂದು, ಭಾರವೆಲ್ಲ ಕೆಳಗೆ ಬಿದ್ದ ನಂತರ ಬುಡದ ಉಬ್ಬನ್ನು ಬಿಟ್ಟು ಉಳಿದ ಮೋಟನ್ನು ಕೊನೆಗೆ. ತೊಗಟೆ ಒಂದು ಬೆರಳಿನಷ್ಟೂ ಸೀಳಲಿಲ್ಲ. ನಾವೆಲ್ಲ ಕಾಂಡಕ್ಕೆ ಸಮವಾಗಿ ಕೊಯ್ದು ಗಾಯಕ್ಕೆ ಸಗಣಿ ಮೆತ್ತುತ್ತಿದ್ದವರು. ಈಗ ಆ ಗಾಯದ ಸುತ್ತ ಹೊಸ ತೊಗಟೆ ದುಂಡಗೆ ಉಬ್ಬಿ ಒಳಕ್ಕೆ ಬರುತ್ತಿದೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತೇನೆ. ಅರಣ್ಯ ಕಾಲೇಜಿನಲ್ಲಿ ಓದಿಸಿ ಕೊನೆಗೆ ಮರ ಹತ್ತಿಸುವುದೇ ಎಂದು ಕೇಳಿದವರಿಗೆ, ಹೌದು, ಮರವನ್ನು ಓದಿಕೊಂಡು ಹತ್ತುತ್ತಾಳೆ ಎಂದು ಸೊಸೈಟಿಯ ಕಟ್ಟೆಯ ಮೇಲೆ ಹೇಳಿ ಬಂದಿದ್ದೇನೆ. ಆದರೂ ಬಂದುಬಿಡು ಎಂದದ್ದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ನಿನಗೆ ಬೇಡವೆನಿಸಿದ ದಿನ ಈ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ ಎಂದು ಅದನ್ನು ಅರ್ಥಮಾಡಿಕೋ.

ತರಬೇತಿ ಶುರುವಾಗುವ ಮೊದಲು ಒಂದು ಕೆಲಸ ಮಾಡು. ನೀನು ಮೇಲಿರುವಾಗ ಕೆಳಗೆ ನಿಲ್ಲುವವರು ಯಾರು, ಅವರಿಗೆ ಹತ್ತಲು ಬರುತ್ತದೆಯೇ, ಅವರ ಹಗ್ಗ ಸೊಂಟಪಟ್ಟಿಗಳು ಗಾಡಿಯೊಳಗಿರುತ್ತವೆಯೋ ಅಥವಾ ಮರದ ಬುಡದಲ್ಲಿ ಸಿದ್ಧವಾಗಿರುತ್ತವೆಯೋ ಎಂದು ವಿಚಾರಿಸಿ ನನಗೆ ಬರೆ. ಫೋನ್ ಮಾಡಿದರೂ ಆದೀತು, ಈ ಸಲ ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಯಾವ ವಿಳಾಸಕ್ಕೆ ಕಳಿಸಬೇಕೆಂಬುದನ್ನೂ ತಿಳಿಸು.

ಇಂತಿ ನಿನ್ನ,
ಅಪ್ಪಯ್ಯ