ಶೋ ಗಿಡದ ಕುಂಡಕ್ಕೊಂದು ಎಚ್ಚರಿಕೆಯ ಚೀಟಿ ಬೇಕು

ಮಾನ್ಯರೇ,

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ನರ್ಸರಿಗಳಲ್ಲಿ ಸಿಗುವ ಶೋ ಗಿಡಗಳಲ್ಲಿ ಡೈಫೆನ್‌ಬೇಕಿಯಾ ತೀರ ಸಾಮಾನ್ಯವಾದುದು. ಹಸಿರು ಅಂಚಿನ ಅಗಲವಾದ ಎಲೆಯ ತುಂಬ ಕೆನೆಬಣ್ಣದ ಮಚ್ಚೆಗಳಿರುವ, ನೆರಳಿನಲ್ಲೂ ಸೊಂಪಾಗಿ ಬೆಳೆಯುವ ಈ ಗಿಡಕ್ಕೆ ಮಲೆನಾಡಿನ ತೇವ ಹೇಳಿ ಮಾಡಿಸಿದಂತಿರುವುದರಿಂದ, ಮನೆಯ ಜಗಲಿ, ಬ್ಯಾಂಕು, ಕಚೇರಿಗಳಷ್ಟೇ ಅಲ್ಲದೆ ಕೆಲವೆಡೆ ಅಂಗನವಾಡಿಯ ಬಾಗಿಲಲ್ಲೂ ಇದರ ಕುಂಡಗಳು ಕಾಣುತ್ತವೆ. ಇದರ ರಸ ವಿಷಕಾರಿ ಎಂಬ ಮಾತನ್ನು ಮಾತ್ರ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಗಿಡ ನಮ್ಮ ಕೆಸು, ಸುವರ್ಣಗಡ್ಡೆಗಳ ಕುಟುಂಬಕ್ಕೇ ಸೇರಿದ್ದು. ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಾಕಾರದ ಸೂಕ್ಷ್ಮ ಹರಳುಗಳು ಇದರ ಎಲೆ, ಕಾಂಡಗಳಲ್ಲಿ ಕಟ್ಟುಕಟ್ಟಾಗಿ ಇದ್ದು, ಜಗಿದೊಡನೆ ಹೊರಚಿಮ್ಮಿ ತುಟಿ, ನಾಲಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಉರಿ ಹತ್ತಿ ಬಾಯಿ ಊದುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವೊಮ್ಮೆ ಮಾತೇ ಹೊರಡುವುದಿಲ್ಲ. ಹುಳಿ ಹಾಕಿ ಚೆನ್ನಾಗಿ ಬೇಯಿಸಿ ಪತ್ರೊಡೆ ಮಾಡುವ ನಮ್ಮವರಿಗೆ ಕೆಸುವಿನ ತುರಿಕೆ ಹೊಸದಲ್ಲ. ಆದರೆ ಅಂಬೆಗಾಲಿಡುವ ಮಗು ಕಬ್ಬಿನ ಜಲ್ಲೆಯಂತೆ ಗಿಣ್ಣು ಗಿಣ್ಣಾಗಿರುವ ಈ ಕಾಂಡವನ್ನು ಹಸಿಯಾಗಿಯೇ ಕಚ್ಚುತ್ತದೆ.

ಇದನ್ನು ತಿಂದ ಮಗು ಕ್ಷಣದಲ್ಲೇ ಸಾಯುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಸಂದೇಶಗಳು ಉತ್ಪ್ರೇಕ್ಷೆ, ಅವು ಭಯವನ್ನಷ್ಟೇ ಹುಟ್ಟಿಸುತ್ತವೆ. ಹೆಚ್ಚಿನವರಲ್ಲಿ ನೋವು ತಾನಾಗಿ ಇಳಿಯುತ್ತದೆ. ಗಂಟಲು ಊದಿ ಉಸಿರಾಟಕ್ಕೆ ತೊಡಕಾದರೆ ಮಾತ್ರ ಅಪಾಯ ನಿಜವಾದುದು, ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಜಗಿದವರಿಗೆ ವಾಂತಿ ಮಾಡಿಸದೆ ಬಾಯನ್ನು ನೀರಿನಿಂದ ತೊಳೆಯಬೇಕು. ಕಣ್ಣಿಗೆ ರಸ ಸಿಡಿದರೆ ಉಜ್ಜದೆ, ಕನಿಷ್ಠ 15 ನಿಮಿಷ ನೀರು ಹರಿಸಿ ವೈದ್ಯರಿಗೆ ತೋರಿಸಬೇಕು. ಗಿಡ ಸವರುವವರು ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಕಡಿದ ತುಂಡುಗಳನ್ನು ಹಿತ್ತಲಿಗೆ ಎಸೆಯುವುದಂತೂ ಸಲ್ಲದು; ಒದ್ದೆ ಮಣ್ಣಿನಲ್ಲಿ ಅವು ಬೇರುಬಿಟ್ಟು ಚಿಗುರುತ್ತವೆ, ನಾಯಿ ಬೆಕ್ಕುಗಳಿಗೂ ಅದು ವಿಷವೇ.

ಇಷ್ಟು ಚೆಂದದ ಗಿಡವನ್ನು ಕಿತ್ತೊಗೆಯಬೇಕೆಂಬುದು ನನ್ನ ವಾದವಲ್ಲ. ಮಾರಾಟವಾಗುವ ಪ್ರತಿ ಕುಂಡಕ್ಕೂ ಕನ್ನಡದಲ್ಲಿ ಎಚ್ಚರಿಕೆಯ ಚೀಟಿ ಅಂಟಿಸುವಂತೆ ತೋಟಗಾರಿಕೆ ಇಲಾಖೆ ನರ್ಸರಿಗಳಿಗೆ ಸೂಚಿಸಬೇಕು. ಅದರ ಒಕ್ಕಣೆಯನ್ನು ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ತಜ್ಞರು ಸಿದ್ಧಪಡಿಸಿಕೊಡಬಹುದು. ಅಂಗನವಾಡಿಗಳ ಅಂಗಳದಲ್ಲಿ ಈ ಗಿಡ ಇದ್ದರೆ ಬೇರೆಡೆಗೆ ಸಾಗಿಸುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಮಳೆಗಾಲಕ್ಕೆ ಮುನ್ನವೇ ಸುತ್ತೋಲೆ ಹೊರಡಿಸಲಿ ಎಂದು ವಿನಂತಿಸುತ್ತೇನೆ.

– ಓದುಗ, ತೀರ್ಥಹಳ್ಳಿ